ಇದ್ದರೆ ಒಂದು ಸಾಲು, ಇಲ್ಲದಿದ್ದರೆ ಇಲ್ಲ

2016ರ ಡಿಸೆಂಬರ್ 23ರಂದು ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ನಿಯಮಗಳನ್ನು ಸಡಿಲಿಸಿತು. ಅರ್ಜಿಯಲ್ಲಿ ಇನ್ನು ತಂದೆ ತಾಯಿ ಇಬ್ಬರ ಹೆಸರೂ ಬೇಕಿಲ್ಲ. ತಂದೆ, ತಾಯಿ, ಕಾನೂನುಬದ್ಧ ಪೋಷಕರು, ಇವರಲ್ಲಿ ಯಾರಾದರೂ ಒಬ್ಬರ ಹೆಸರಿದ್ದರೆ ಸಾಕು ಎಂದಿತು. ವಿಚ್ಛೇದನ ಪಡೆದವರು, ಬೇರೆಯಾಗಿ ಬದುಕುತ್ತಿರುವವರು ಸಂಗಾತಿಯ ಹೆಸರು ಬರೆಯಬೇಕಾಗಿಲ್ಲ. ಸಾಧು ಸಂನ್ಯಾಸಿಗಳು ಹೆತ್ತವರ ಜಾಗದಲ್ಲಿ ಗುರುವಿನ ಹೆಸರು ಕೊಡಬಹುದು, ಆ ಹೆಸರನ್ನು ಹೊತ್ತ ಸಾರ್ವಜನಿಕ ದಾಖಲೆ ಒಂದಾದರೂ ಕೈಯಲ್ಲಿರಬೇಕು ಅಷ್ಟೆ. ಎರಡು ವರ್ಷ ಕಳೆದು, 2018ರ ಡಿಸೆಂಬರ್ 5ರಿಂದ, ಪ್ಯಾನ್ ಕಾರ್ಡಿನ ಅರ್ಜಿಯಲ್ಲೂ ತಾಯಿಯೊಬ್ಬಳನ್ನೇ ಪೋಷಕಳಾಗಿ ಹೊಂದಿದವರಿಗೆ ತಂದೆಯ ಹೆಸರಿನ ಕಡ್ಡಾಯ ತಪ್ಪಿತು. ಪತ್ರಿಕೆಗಳು ಇವನ್ನೆಲ್ಲ ಸಮಾಜ ಬದಲಾಗುತ್ತಿರುವ ಸುದ್ದಿಯಾಗಿ ಬರೆದವು, ಸರಿಯೇ. ಆದರೆ ಇಂಥ ಅರ್ಜಿಯನ್ನು ಕಂಪ್ಯೂಟರಿಗೆ ಇಳಿಸುವವರ ಮುಂದೆ ಅವು ಒಂದು ಹಳೆಯ ತಾಂತ್ರಿಕ ಪ್ರಶ್ನೆಯನ್ನೂ ತಂದಿಟ್ಟವು. ಇರಲೂಬಹುದು, ಇಲ್ಲದಿರಲೂಬಹುದು ಎಂಬಂಥ ಸಂಬಂಧವನ್ನು ಡೇಟಾಬೇಸಿನ ಕೋಷ್ಟಕದಲ್ಲಿ ಬರೆದಿಡುವುದು ಹೇಗೆ?

ಸುಲಭದ ಉತ್ತರ ಎಲ್ಲ ಪ್ರೋಗ್ರಾಮರುಗಳಿಗೂ ಬಾಯಿಪಾಠ: ಕಾಲಂ ಇರಲಿ, ಚೌಕ ಖಾಲಿ ಬಿಡು. ನಿತ್ಯ ಬಳಸುವ ಬಹುಪಾಲು ತಂತ್ರಾಂಶಗಳು ಹೀಗೆಯೇ ನಡೆಯುತ್ತಿವೆ, ಮತ್ತು ಬಹುಪಾಲು ದಿನ ಏನೂ ಆಗುವುದಿಲ್ಲ. ಆದರೂ ಈ ಉತ್ತರ ತಪ್ಪು ದಿಕ್ಕಿನದು ಎಂಬುದು ನನ್ನ ವಾದ. ಸಂಬಂಧವೆಂದರೆ ವ್ಯಕ್ತಿಗೆ ಅಂಟಿಕೊಂಡ ಒಂದು ಗುಣವಲ್ಲ, ಇಬ್ಬರ ನಡುವೆ ನಿಜವಾಗಿರುವ ಒಂದು ಸಂಗತಿ. ಸಂಗತಿ ಇದ್ದರೆ ಅದಕ್ಕೇ ಮೀಸಲಾದ ಕೋಷ್ಟಕದಲ್ಲಿ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಸಾಲೂ ಇರಬಾರದು. ಇಲ್ಲ ಎಂಬುದೇ ಮುಖ್ಯವಾದ ಕಡೆ, ಆ ಇಲ್ಲವನ್ನೂ ಒಂದು ಸಂಗತಿಯಾಗಿಯೇ ಬರೆಯಬೇಕು, ಖಾಲಿ ಬಿಟ್ಟು ಮುಂದಕ್ಕೆ ಹೋಗಬಾರದು.

ಖಾಲಿ ಚೌಕದ ಅಭ್ಯಾಸ ಎಲ್ಲಿಂದ ಬಂತು ಎಂದು ನೋಡಿದರೆ ಅದರ ಬೇರು ಡೇಟಾಬೇಸಿನಲ್ಲಿಲ್ಲ, ಪ್ರೋಗ್ರಾಮಿಂಗ್ ಭಾಷೆಗಳಲ್ಲಿದೆ. ಜಾವಾದಂಥ ಭಾಷೆಯಲ್ಲಿ 'ವ್ಯಕ್ತಿ' ಒಂದು ಆಬ್ಜೆಕ್ಟ್. ಅದರೊಳಗೆ 'ತಂದೆ' ಎಂಬ ಕೊಂಡಿ ಇದೆ. ಆ ಕೊಂಡಿ ಮೆಮೊರಿಯ ಇನ್ನೊಂದು ಮೂಲೆಯಲ್ಲಿರುವ ಮತ್ತೊಂದು ವ್ಯಕ್ತಿಯ ಕಡೆ ಬೆರಳು ಮಾಡುತ್ತದೆ. ಬೆರಳು ಮಾಡಲು ಯಾರೂ ಇಲ್ಲದಾಗ ಅದರಲ್ಲಿ ನಲ್ ಇರುತ್ತದೆ. ಈ ನಲ್ ಕೊಂಡಿಯನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ಕಲ್ಪಿಸಿದವರು ಟೋನಿ ಹೋರ್. ಅಳವಡಿಸುವುದು ಬಹಳ ಸುಲಭವಾಗಿತ್ತು ಎಂಬುದೇ ಅದಕ್ಕೆ ಕಾರಣವೆಂದು ಹೇಳಿ, 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಅವರೇ ಕರೆದುಕೊಂಡರು. ಅತ್ತ 1970ರಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗ ಅದರ ತಳಹದಿ ಪೂರ್ತಿ ಬೇರೆಯದಾಗಿತ್ತು. ಅಲ್ಲಿ ಬೆರಳು ಮಾಡುವ ಕೊಂಡಿಗಳೇ ಇಲ್ಲ. ಕೋಷ್ಟಕದ ಪ್ರತಿ ಸಾಲೂ ಒಂದು ನಿಜವಾದ ಹೇಳಿಕೆ; ಇಡೀ ಕೋಷ್ಟಕ ಅಂಥ ಹೇಳಿಕೆಗಳ ಗಣ. ಹೇಳಿಕೆ ಪೂರ್ತಿಯಾಗಿರಬೇಕು. 'ಇವರ ತಂದೆ' ಎಂದು ಹೇಳಿ ಬಾಯಿ ಮುಚ್ಚಿಕೊಂಡರೆ ಅದು ಹೇಳಿಕೆಯೇ ಅಲ್ಲ.

ಎರಡು ಲೋಕಗಳನ್ನು ಜೋಡಿಸುವ ಕೆಲಸ ಬಂದಾಗ ಆಬ್ಜೆಕ್ಟ್ ಲೋಕದ ಅಭ್ಯಾಸ ಗೆದ್ದಿತು. ಒಂದು ಕ್ಲಾಸಿಗೆ ಒಂದು ಟೇಬಲ್, ಒಂದು ಫೀಲ್ಡಿಗೆ ಒಂದು ಕಾಲಂ, ಕೊಂಡಿಯ ಜಾಗಕ್ಕೆ ಫಾರಿನ್ ಕೀ, ಎಂದರೆ ಇನ್ನೊಂದು ಸಾಲಿನ ಗುರುತಿನ ಸಂಖ್ಯೆ. ಕೊಂಡಿ ಖಾಲಿಯಾದರೆ ಆ ಸಂಖ್ಯೆಯ ಜಾಗದಲ್ಲೂ ನಲ್. ಪೂರ್ವನಿಯೋಜಿತ ಆಯ್ಕೆಗಳೂ ಇದಕ್ಕೆ ಹೊಂದಿಕೊಂಡವು: ಡೇಟಾಬೇಸುಗಳ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಬೇಡವೆಂದು ಬಾಯಿಬಿಟ್ಟು ಹೇಳದ ಹೊರತು ಕಾಲಂ ನಲ್ಲನ್ನು ಒಪ್ಪಿಕೊಳ್ಳುತ್ತದೆ, 2006ರಲ್ಲಿ ಬಂದ ಜಾವಾದ ಜೆಪಿಎ ಮಾನಕದಲ್ಲಿ ಒಂದಕ್ಕೊಂದರ ಸಂಬಂಧ, ಹಲವಕ್ಕೊಂದರ ಸಂಬಂಧ ಎರಡೂ ಹೇಳದಿದ್ದರೆ ಐಚ್ಛಿಕವೇ. ಪ್ರೋಗ್ರಾಮರು ಏನನ್ನೂ ಯೋಚಿಸದೆ ಬರೆದರೆ ಬರುವುದು ಖಾಲಿ ಬಿಡಬಹುದಾದ ಕಾಲಂ. ಇಷ್ಟು ದೊಡ್ಡ ತೀರ್ಮಾನ ಇಷ್ಟು ಮೌನವಾಗಿ ನಡೆದುಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಮೊದಲ ತೊಂದರೆ ಅರ್ಥದ್ದು. ಮದುವೆ ಮಂಟಪದ ಖಾಲಿ ಕುರ್ಚಿಯನ್ನು ನೋಡಿ, ಅಲ್ಲಿ ಕೂರಬೇಕಾದವರನ್ನು ಕರೆದೇ ಇಲ್ಲವೋ, ಕರೆದರೂ ಬರಲಿಲ್ಲವೋ, ಮೊದಲ ಪಂಕ್ತಿಯ ಊಟಕ್ಕೆ ಎದ್ದು ಹೋಗಿದ್ದಾರೋ ಹೇಳಲಾಗದು. ನಲ್ ಕೂಡ ಹಾಗೆಯೇ. ನಲ್ಲನ್ನು ರಿಲೇಷನಲ್ ಮಾದರಿಯೊಳಕ್ಕೆ ತಂದವರು ಸ್ವತಃ ಕಾಡ್. 1979ರ ಲೇಖನದಲ್ಲಿ ಅವರು ನಿಜ, ಸುಳ್ಳುಗಳ ಜತೆಗೆ 'ಗೊತ್ತಿಲ್ಲ' ಎಂಬ ಮೂರನೆಯ ಬೆಲೆಯಿರುವ ತರ್ಕವನ್ನು ವಿವರಿಸಿದರು. ಅದು ಸಾಲದು ಎಂದು ಅವರಿಗೇ ಅನ್ನಿಸಿರಬೇಕು. 1990ರ ಪುಸ್ತಕದಲ್ಲಿ ಖಾಲಿಯನ್ನು ಎರಡಾಗಿ ಒಡೆದರು: ಬೆಲೆ ಇದೆ ಆದರೆ ಸಿಕ್ಕಿಲ್ಲ ಎಂಬುದು ಒಂದು, ಈ ವ್ಯಕ್ತಿಗೆ ಆ ಪ್ರಶ್ನೆಯೇ ಅನ್ವಯಿಸುವುದಿಲ್ಲ ಎಂಬುದು ಇನ್ನೊಂದು. ತರ್ಕದ ಬೆಲೆಗಳು ನಾಲ್ಕಾದವು. ಅದನ್ನು ಯಾವ ಪ್ರಮುಖ ಡೇಟಾಬೇಸೂ ಅಳವಡಿಸಿಕೊಳ್ಳಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಎರಡು ಬಗೆಯ ಖಾಲಿ ಇರಬಹುದಾದರೆ ಮೂರನೆಯದು ಯಾಕಿರಬಾರದು?

ಮೂರನೆಯದು ಇದೆ ಎಂಬುದಕ್ಕೆ ನಮ್ಮ ಸುಪ್ರೀಂ ಕೋರ್ಟಿನ ತೀರ್ಪೊಂದು ಸಾಕ್ಷಿ. 2015ರ ಜುಲೈ 6ರಂದು ಎಬಿಸಿ ವಿರುದ್ಧ ದೆಹಲಿ ಸರ್ಕಾರ ಎಂಬ ಪ್ರಕರಣ ತೀರ್ಮಾನವಾಯಿತು. ಅರ್ಜಿದಾರಳ ಹೆಸರನ್ನು ಗೋಪ್ಯವಾಗಿಡಲು ಮೂರು ಅಕ್ಷರಗಳು. ಅವಿವಾಹಿತ ತಾಯಿಯೊಬ್ಬಳು ಮಗನನ್ನು ತನ್ನ ಉಳಿತಾಯಕ್ಕೆ ನಾಮಿನಿ ಮಾಡಲು ಹೊರಟಾಗ, ತಂದೆ ಯಾರೆಂದು ತಿಳಿಸಬೇಕು, ಇಲ್ಲವೇ ಪೋಷಕತ್ವದ ಪ್ರಮಾಣಪತ್ರ ತರಬೇಕು ಎಂದರು. ಪ್ರಮಾಣಪತ್ರಕ್ಕೆ ಹೋದರೆ 1890ರ ಪೋಷಕರ ಕಾಯ್ದೆ ತಂದೆಗೂ ನೋಟಿಸ್ ಹೋಗಬೇಕು ಎನ್ನುತ್ತದೆ. ಆಕೆಗೆ ತಂದೆ ಯಾರೆಂದು ಗೊತ್ತು, ಹೇಳಲು ಇಷ್ಟವಿಲ್ಲ. ಕೆಳಗಿನ ನ್ಯಾಯಾಲಯ, ಹೈಕೋರ್ಟ್ ಎರಡೂ ಒಪ್ಪದಿದ್ದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಿತು. ತೀರ್ಪು ಬರೆದವರು ಅದಕ್ಕೆ ಮುಂಚೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿಕ್ರಮಜಿತ್ ಸೇನ್. ಇಲ್ಲಿ ತಂದೆಯ ಹೆಸರು ಕಾಡ್ ಹೇಳಿದ 'ಸಿಕ್ಕಿಲ್ಲ' ಅಲ್ಲ, 'ಅನ್ವಯಿಸುವುದಿಲ್ಲ' ಕೂಡ ಅಲ್ಲ. ಅದು 'ಹೇಳುವುದಿಲ್ಲ, ಹೇಳದಿರುವ ಹಕ್ಕು ನನಗಿದೆ'. ಅನಾಥ ಮಗುವಿನ ಖಾಲಿ ಬೇರೆ, ಅರ್ಜಿ ತುಂಬುವಾಗ ಗುಮಾಸ್ತ ಮರೆತ ಖಾಲಿ ಬೇರೆ, ಸಂನ್ಯಾಸಿ ಪೂರ್ವಾಶ್ರಮ ಬಿಟ್ಟ ಖಾಲಿ ಬೇರೆ. ನಲ್ ಇವೆಲ್ಲವನ್ನೂ ಒಂದೇ ಮಾಡಿಬಿಡುತ್ತದೆ, ಆಮೇಲೆ ಬಿಡಿಸಲು ದಾರಿ ಇರುವುದಿಲ್ಲ.

ಎರಡನೆಯ ತೊಂದರೆ ಲೆಕ್ಕದ್ದು, ಇದು ಇನ್ನೂ ಹೆಚ್ಚು ಕಾಡುತ್ತದೆ. ಎಸ್‌ಕ್ಯುಎಲ್‌ನಲ್ಲಿ ನಲ್ಲನ್ನು ಯಾವುದಕ್ಕೆ ಹೋಲಿಸಿದರೂ, ಇನ್ನೊಂದು ನಲ್‌ಗೆ ಹೋಲಿಸಿದರೂ, ಉತ್ತರ 'ಗೊತ್ತಿಲ್ಲ'. ವ್ಯಕ್ತಿ ಎಂಬ ಕೋಷ್ಟಕದಲ್ಲಿ ತಂದೆಯ ಸಂಖ್ಯೆಯ ಕಾಲಂ ಇದೆ ಎಂದುಕೊಳ್ಳಿ. ಯಾರಿಗೂ ತಂದೆಯಲ್ಲದವರ ಪಟ್ಟಿ ಬೇಕು. ಸಹಜವಾಗಿ ಬರೆಯುವ ಕ್ವೆರಿ ಇದು: ತಂದೆಯ ಕಾಲಮ್ಮಿನಲ್ಲಿರುವ ಸಂಖ್ಯೆಗಳ ಪೈಕಿ ಯಾರ ಸಂಖ್ಯೆ 'ನಾಟ್ ಇನ್' ಆಗಿದೆಯೋ ಅವರನ್ನು ಕೊಡು. ಕೋಟಿ ಜನರಲ್ಲಿ ಒಬ್ಬರ ತಂದೆಯ ಕಾಲಂ ಖಾಲಿಯಿದ್ದರೂ ಸಾಕು, ಬರುವ ಉತ್ತರದಲ್ಲಿ ಒಂದು ಸಾಲೂ ಇರುವುದಿಲ್ಲ. ಕಂಪ್ಯೂಟರ್ ಪ್ರತಿಯೊಬ್ಬರಿಗೂ 'ಈ ಸಂಖ್ಯೆ ಆ ಖಾಲಿಗೆ ಸಮವಲ್ಲ ತಾನೇ?' ಎಂದು ಕೇಳಿಕೊಳ್ಳುತ್ತದೆ, 'ಗೊತ್ತಿಲ್ಲ' ಎಂಬ ಉತ್ತರ ಪಡೆಯುತ್ತದೆ, ಎಲ್ಲರನ್ನೂ ಕೈಬಿಡುತ್ತದೆ. ತಪ್ಪಾಯಿತೆಂಬ ಸಂದೇಶವೂ ಬರುವುದಿಲ್ಲ. ಪರೀಕ್ಷೆಗೆಂದು ಹಾಕಿದ ಹತ್ತು ಸಾಲುಗಳಲ್ಲಿ ಖಾಲಿ ಇರದಿದ್ದರೆ ಕ್ವೆರಿ ಸರಿಯಾಗಿಯೇ ನಡೆದಿರುತ್ತದೆ. ಮೊದಲ ಅನಾಥ ಮಗು ದಾಖಲಾದ ದಿನ ಅದು ಕುಸಿಯುತ್ತದೆ.

'ಗೊತ್ತಿಲ್ಲ' ಎಂಬುದನ್ನು ನಡೆಸಿಕೊಳ್ಳುವ ರೀತಿಯೂ ಒಂದೇ ತೆರನಾಗಿಲ್ಲ. ಸಾಲುಗಳನ್ನು ಆರಿಸುವ 'ವೇರ್' ಷರತ್ತು ಅದನ್ನು ಸುಳ್ಳಿನಂತೆ ತಳ್ಳಿಹಾಕುತ್ತದೆ. ಸಾಲುಗಳನ್ನು ಒಳಗೆ ಬಿಡುವ 'ಚೆಕ್' ನಿಯಮ ಅದನ್ನು ನಿಜದಂತೆ ಒಪ್ಪಿಕೊಳ್ಳುತ್ತದೆ. ಸಂಗಾತಿಯ ವಿಷಯಕ್ಕೆ ಬಂದರಂತೂ ಪ್ರಹಸನ. ಒಬ್ಬರಿಗೆ ಒಬ್ಬರೇ ಸಂಗಾತಿ ಎಂಬುದನ್ನು ಖಾತ್ರಿ ಮಾಡಲು ಸಂಗಾತಿಯ ಕಾಲಮ್ಮಿಗೆ 'ಯುನಿಕ್' ನಿಯಮ ಹಾಕಿದರೆ, ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಒಂದೇ ಒಂದು ನಲ್ಲನ್ನು ಒಪ್ಪುತ್ತದೆ: ಮೊದಲ ಅವಿವಾಹಿತರಿಗೆ ಜಾಗವುಂಟು, ಎರಡನೆಯ ಅವಿವಾಹಿತರಿಗಿಲ್ಲ. 2008ರ ಆವೃತ್ತಿಯಿಂದ ಖಾಲಿಗಳನ್ನು ಹೊರಗಿಟ್ಟು ಇಂಡೆಕ್ಸ್ ಕಟ್ಟುವ ಒಳದಾರಿ ಅದರಲ್ಲಿದೆ. ಪೋಸ್ಟ್‌ಗ್ರೆಸ್ ಎಷ್ಟು ನಲ್ ಬೇಕಾದರೂ ಬಿಟ್ಟುಕೊಳ್ಳುತ್ತಿತ್ತು; 2022ರ 15ನೇ ಆವೃತ್ತಿಯಿಂದ ಎರಡರಲ್ಲಿ ಯಾವುದು ಬೇಕೋ ನೀವೇ ಹೇಳಿ ಎನ್ನುತ್ತದೆ. ಇದರ ಮೇಲೆ, ರಾಧಾಳ ಸಾಲಿನಲ್ಲಿ ಸಂಗಾತಿ ಗೋಪಾಲ ಎಂದಿದ್ದು ಗೋಪಾಲನ ಸಾಲಿನಲ್ಲಿ ಆ ಚೌಕ ಖಾಲಿಯಿದ್ದರೆ? ಮದುವೆ ಅರ್ಧ ಆಗಿರಲು ಸಾಧ್ಯವಿಲ್ಲ, ಕೋಷ್ಟಕದಲ್ಲಿ ಮಾತ್ರ ಸಾಧ್ಯ.

ಈಗ ಸಂಬಂಧವನ್ನೇ ಹೊರಕ್ಕೆ ತೆಗೆದು ನೋಡೋಣ. ವ್ಯಕ್ತಿ ಕೋಷ್ಟಕದಲ್ಲಿ ವ್ಯಕ್ತಿಗೆ ಸದಾ ಇರುವ ವಿವರಗಳು ಮಾತ್ರ. 'ಪೋಷಕ ಸಂಬಂಧ' ಎಂಬ ಬೇರೆ ಕೋಷ್ಟಕದಲ್ಲಿ ಮೂರು ಕಾಲಂ: ಯಾರಿಗೆ, ಯಾರು, ಯಾವ ಬಗೆ. ಬಗೆ ಎಂದರೆ ತಂದೆ, ತಾಯಿ, ಪೋಷಕ, ಗುರು. ಯಾವ ಕಾಲಮ್ಮೂ ಖಾಲಿ ಬಿಡುವಂತಿಲ್ಲ. 'ಯಾರಿಗೆ' ಮತ್ತು 'ಯಾವ ಬಗೆ' ಎರಡನ್ನೂ ಸೇರಿಸಿ ಪ್ರೈಮರಿ ಕೀ ಮಾಡಿದರೆ ಒಬ್ಬರಿಗೆ ಇಬ್ಬರು ತಂದೆಯರು ದಾಖಲಾಗುವುದೂ ತಪ್ಪುತ್ತದೆ. ತಂದೆಯ ಹೆಸರಿಲ್ಲದವರಿಗೆ ಆ ಬಗೆಯ ಸಾಲೇ ಇಲ್ಲ, ಹಾಗಾಗಿ ಮೇಲಿನ 'ನಾಟ್ ಇನ್' ಕ್ವೆರಿ ಇಲ್ಲಿ ಎಡವುವುದಿಲ್ಲ. ಮದುವೆಗೆ ತನ್ನದೇ ಕೋಷ್ಟಕ. ಅಲ್ಲಿ ರಾಧಾ, ಗೋಪಾಲ ಇಬ್ಬರೂ ಒಂದೇ ಸಾಲಿನಲ್ಲಿರುತ್ತಾರೆ. 2016ರ ನಿಯಮ ಗುರುವನ್ನು ಒಳಗೆ ತಂದಾಗ ವ್ಯಕ್ತಿ ಕೋಷ್ಟಕವನ್ನು ಮುಟ್ಟಬೇಕಾಗಿಲ್ಲ, ಬಗೆಗಳ ಪಟ್ಟಿಗೆ ಒಂದು ಹೆಸರು ಸೇರಿಸಿದರಾಯಿತು. ಕಾಲಂ ಪದ್ಧತಿಯಲ್ಲಾದರೆ ಗುರುವಿಗಾಗಿ ಹೊಸ ಕಾಲಂ ಹುಟ್ಟಿ, ಕೋಟ್ಯಂತರ ಗೃಹಸ್ಥರ ಸಾಲುಗಳಲ್ಲಿ ಅದು ಖಾಲಿ ಕೂರುತ್ತಿತ್ತು. ಕ್ರಿಸ್ ಡೇಟ್ ಮತ್ತು ಹ್ಯೂ ಡಾರ್ವೆನ್ ದಶಕಗಳಿಂದ ವಾದಿಸುತ್ತ ಬಂದದ್ದು ಈ ದಾರಿಯನ್ನೇ; ನಲ್ ವಿಷಯದಲ್ಲಿ ಡೇಟ್ ತಮ್ಮ ಹಿರಿಯ ಒಡನಾಡಿ ಕಾಡ್ ಜತೆಗೇ ಬಹಿರಂಗವಾಗಿ ಚರ್ಚೆಗಿಳಿದವರು.

ಸಂಬಂಧಕ್ಕೆ ಅದರದೇ ವಿವರಗಳಿರುತ್ತವೆ ಎಂಬುದು ಇದರ ಇನ್ನೊಂದು ಮುಖ. 1976ರಲ್ಲಿ ಪೀಟರ್ ಚೆನ್ ತಮ್ಮ ಪ್ರಸಿದ್ಧ ಚಿತ್ರಪದ್ಧತಿಯಲ್ಲಿ ಸಂಬಂಧಕ್ಕೂ ಪ್ರತ್ಯೇಕ ಆಕೃತಿ ಕೊಟ್ಟು, ಅದಕ್ಕೂ ಗುಣಗಳಿರಬಹುದು ಎಂದು ತೋರಿಸಿದರು. ಮದುವೆಗೆ ದಿನಾಂಕವಿದೆ, ನೋಂದಣಿ ಸಂಖ್ಯೆಯಿದೆ. ಪೋಷಕತ್ವಕ್ಕೆ ನ್ಯಾಯಾಲಯದ ಆದೇಶವಿದೆ. ಇವೆಲ್ಲ ವ್ಯಕ್ತಿಯ ಸಾಲಿನಲ್ಲೇ ಕುಳಿತರೆ, ಒಂದು ಖಾಲಿಯಾದಾಗ ಉಳಿದವೂ ಒಟ್ಟಿಗೇ ಖಾಲಿಯಾಗಬೇಕೆಂಬ ಹೇಳದ ನಿಯಮವೊಂದು ಹುಟ್ಟಿಕೊಳ್ಳುತ್ತದೆ. ನಮ್ಮ ಪಹಣಿಯನ್ನೇ ತೆಗೆದುಕೊಳ್ಳಿ. ಅದರ 11ನೇ ಕಾಲಂ ಇತರ ಹಕ್ಕುಗಳು ಮತ್ತು ಋಣಗಳದು. ಕಾಗದದ ಮೇಲೆ ಅದೊಂದು ಚೌಕ. ಆದರೆ ಅದರಲ್ಲಿ ತುಂಬುವುದು ಬ್ಯಾಂಕು, ಮೊತ್ತ, ದಿನಾಂಕಗಳಿರುವ ಒಂದು ಸಂಬಂಧ. ಒಂದೇ ಜಮೀನಿನ ಮೇಲೆ ಅಂಥವು ಎರಡು ಮೂರು ಇರಬಹುದು, ಒಂದೂ ಇಲ್ಲದಿರಬಹುದು. ಚೌಕವನ್ನು ಕಂಡದ್ದರಿಂದ ಚೌಕವನ್ನೇ ಕಾಲಂ ಮಾಡುವುದು ಕಾಗದಕ್ಕೆ ಮಣಿದಂತೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತಿ ಗಂಭೀರವಾದದ್ದು ತಾತ್ವಿಕ: ಖಾಲಿ ಚೌಕ ಅಸ್ಪಷ್ಟವಾದರೆ ಇಲ್ಲದ ಸಾಲು ಅದಕ್ಕಿಂತ ಸ್ಪಷ್ಟ ಹೇಗೆ? ಸಾಲಿಲ್ಲ ಎಂದರೆ ತಂದೆಯಿಲ್ಲವೋ, ಗೊತ್ತಿಲ್ಲವೋ, ಹೇಳಲಿಲ್ಲವೋ? ಒಪ್ಪಬೇಕಾದ ಮಾತು. ದಾಖಲಾಗದ್ದು ಸುಳ್ಳು ಎಂದು ಹಿಡಿಯುವ ಪದ್ಧತಿಗೆ ರೇಮಂಡ್ ರೈಟರ್ 1978ರಲ್ಲೇ ತರ್ಕದ ಚೌಕಟ್ಟು ಕೊಟ್ಟರು. ಋಣಗಳ ವಿಷಯದಲ್ಲಿ ಆ ಪದ್ಧತಿ ಸರಿಹೋಗುತ್ತದೆ, ತಂದೆಯ ವಿಷಯದಲ್ಲಿ ಹೋಗದು. ಆದರೆ ವ್ಯತ್ಯಾಸ ಇಲ್ಲಿದೆ. ಚೌಕ ಪದ್ಧತಿಯಲ್ಲಿ ಕಾರಣ ಬರೆಯಲು ಜಾಗವಿಲ್ಲ, ಏಕೆಂದರೆ ಚೌಕ ತಂದೆಯ ಸಂಖ್ಯೆಗೆ ಮೀಸಲು. ಸಾಲಿನ ಪದ್ಧತಿಯಲ್ಲಿ ಕಾರಣಕ್ಕೂ ಒಂದು ಕೋಷ್ಟಕ ಹೂಡಬಹುದು: ಯಾರು, ಯಾವ ಸಂಬಂಧದ ಬಗ್ಗೆ, ಏನೆಂದು ಘೋಷಿಸಿದರು, ಯಾವ ದಿನ. ಸುಪ್ರೀಂ ಕೋರ್ಟ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಒಂಟಿ ತಾಯಿ ಜನನ ಪ್ರಮಾಣಪತ್ರ ಕೇಳಿದರೆ, ಮಗು ತನ್ನ ಗರ್ಭದಿಂದ ಹುಟ್ಟಿದ್ದು ಎಂಬ ಅಫಿಡವಿಟ್ ಮಾತ್ರ ಪಡೆದು ಪ್ರಮಾಣಪತ್ರ ಕೊಡಬೇಕು ಎಂದಿತು. ತಂದೆಯ ಖಾಲಿ ಜಾಗವನ್ನು ಕೆದಕುವ ಬದಲು, ಖಚಿತವಾಗಿ ಗೊತ್ತಿರುವ ಒಂದು ಸಂಗತಿಯನ್ನು ಸಹಿ, ದಿನಾಂಕಗಳೊಡನೆ ಬರೆದಿಡಿ ಎಂದಿತು. ಡೇಟಾಬೇಸ್ ವಿನ್ಯಾಸದ ಪಾಠ ಹೇಳುವುದು ನ್ಯಾಯಮೂರ್ತಿಗಳ ಉದ್ದೇಶವಾಗಿರಲಿಲ್ಲ, ಆದರೂ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಜಾಗದ ಮತ್ತು ವೇಗದ ಆಕ್ಷೇಪವನ್ನು ಬೇಗ ಮುಗಿಸಬಹುದು. ನಲ್ ಅಗ್ಗ ಎಂಬುದು ನಿಜ. ಪೋಸ್ಟ್‌ಗ್ರೆಸ್‌ನಲ್ಲಿ ಖಾಲಿಯನ್ನು ಗುರುತಿಸಲು ಕಾಲಮ್ಮಿಗೆ ಒಂದು ಬಿಟ್ ಸಾಕು. ಬೇರೆ ಕೋಷ್ಟಕದ ಸಾಲಿಗಾದರೆ ತಲೆಬರಹಕ್ಕೇ 23 ಬೈಟ್, ಎರಡು ಸಂಖ್ಯೆ ಮತ್ತು ಬಗೆ ಸೇರಿ ಸುಮಾರು 50 ಬೈಟ್. ಕೋಟಿ ಸಂಬಂಧಗಳಿಗೆ 500 ಎಂಬಿ ಮತ್ತು ಮೇಲೊಂದು ಇಂಡೆಕ್ಸ್. ಇಂದಿನ ಸರ್ವರಿಗೆ ಅದು ಹೊರೆಯಲ್ಲ. ಇಂಡೆಕ್ಸ್ ಇರುವ ಕೀ ಮೇಲೆ ಕೋಷ್ಟಕ ಜೋಡಿಸುವುದು ರಿಲೇಷನಲ್ ಡೇಟಾಬೇಸುಗಳು ಅತ್ಯಂತ ಚೆನ್ನಾಗಿ ಮಾಡುವ ಕೆಲಸ. ಜೋಡಿಸುವಾಗ, ಜೊತೆಯ ಸಾಲಿಲ್ಲದವರನ್ನೂ ಉಳಿಸಿಕೊಳ್ಳುವ ಔಟರ್ ಜಾಯಿನ್ ಮಾಡಿದರೆ ಉತ್ತರದಲ್ಲಿ ಮತ್ತೆ ನಲ್ ಬಂತಲ್ಲ ಎಂದು ಕೆಲವರು ಛೇಡಿಸುತ್ತಾರೆ. ಬರಲಿ. ಅದು ಆ ಕ್ಷಣದ ವರದಿಯ ಖಾಲಿ, ಪರದೆಯ ಮೇಲೆ ತೋರಿಸಿ ಮರೆಯುವಂಥದ್ದು. ಶಾಶ್ವತ ದಾಖಲೆಯಲ್ಲಿ ಕುಳಿತು ಮುಂದಿನ ಎಲ್ಲ ಲೆಕ್ಕಗಳನ್ನು ಕೆಡಿಸುವ ಖಾಲಿ ಅಲ್ಲ.

ಆಬ್ಜೆಕ್ಟ್ ಕಡೆಯಿಂದ ಬರುವ ದೂರಿಗೆ ಇದಕ್ಕಿಂತ ಹೆಚ್ಚು ತೂಕವಿದೆ. ಜಾವಾ ಆಬ್ಜೆಕ್ಟುಗಳನ್ನು ಕೋಷ್ಟಕಗಳಿಗೆ ಜೋಡಿಸಲೆಂದು 2001ರಲ್ಲಿ ಗೇವಿನ್ ಕಿಂಗ್ ಆರಂಭಿಸಿದ ಹೈಬರ್ನೇಟ್, ಸಂಬಂಧದ ಆಚೆ ಬದಿಯ ಆಬ್ಜೆಕ್ಟನ್ನು ಬೇಕಾದಾಗ ಮಾತ್ರ ತರಲೆಂದು ಅದರ ಜಾಗದಲ್ಲಿ ಒಂದು ಪ್ರತಿನಿಧಿಯನ್ನು ಕೂರಿಸುತ್ತದೆ. ಫಾರಿನ್ ಕೀ ತನ್ನ ಸಾಲಿನಲ್ಲೇ ಇದ್ದರೆ ಆಚೆ ಬದಿ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಕೀ ಇನ್ನೊಂದು ಕೋಷ್ಟಕದಲ್ಲಿದ್ದು ಸಂಬಂಧ ಒಂದಕ್ಕೊಂದರದಾದರೆ ತಿಳಿಯುವುದಿಲ್ಲ. ಇಲ್ಲದವರಿಗೆ ಪ್ರತಿನಿಧಿಯನ್ನು ಕೂರಿಸಿದರೆ ಪ್ರೋಗ್ರಾಮಿಗೆ ಅದು ನಲ್ ಆಗಿ ಕಾಣುವುದಿಲ್ಲ. ಆದ್ದರಿಂದ ಹೈಬರ್ನೇಟ್ ಆ ಕೂಡಲೇ ಹೋಗಿ ನೋಡಿಬರುತ್ತದೆ. ನೂರು ಜನರನ್ನು ತಂದರೆ ಇನ್ನೂ ನೂರು ಕ್ವೆರಿ. ನಿಧಾನವಾಯಿತೆಂದು ಬೈಸಿಕೊಳ್ಳುವುದು ಡೇಟಾಬೇಸ್. ಇದಕ್ಕೆ ದಾರಿಗಳಿವೆ: ಮೊದಲ ಕ್ವೆರಿಯಲ್ಲೇ ಎರಡೂ ಕೋಷ್ಟಕಗಳನ್ನು ಜೋಡಿಸಿ ತರಬಹುದು; ವ್ಯಕ್ತಿಯಿಂದ ಆ ಕಡೆಗೆ ಕೊಂಡಿಯನ್ನೇ ಇಡದೆ ಬೇಕಾದಾಗ ಕೇಳಬಹುದು; 2009ರ ಜೆಪಿಎ 2.0ರಿಂದ ಒಂದಕ್ಕೊಂದರ ಸಂಬಂಧವನ್ನೂ ನಡುವಿನ ಕೋಷ್ಟಕದ ಮೂಲಕ ಹೇಳಬಹುದು. ನನಗೆ ಹೆಚ್ಚು ಪ್ರಾಮಾಣಿಕವೆನಿಸುವುದು ಬೇರೊಂದು: ಐಚ್ಛಿಕ ಸಂಬಂಧವನ್ನು ಆಬ್ಜೆಕ್ಟಿನಲ್ಲಿ ಗರಿಷ್ಠ ಒಂದು ಅಂಶವಿರುವ ಪಟ್ಟಿಯಾಗಿ ಕಾಣುವುದು. ಪಟ್ಟಿಯನ್ನು ಹೈಬರ್ನೇಟ್ ಬೇಕಾದಾಗಲೇ ತರುತ್ತದೆ, ಮತ್ತು ಖಾಲಿ ಪಟ್ಟಿ ನಲ್ ಅಲ್ಲ. ಅದರ ಮೇಲೆ ಲೂಪ್ ಓಡಿಸಿದರೆ ಏನೂ ನಡೆಯುವುದಿಲ್ಲ, ಏನೂ ಒಡೆಯುವುದೂ ಇಲ್ಲ. 2014ರಲ್ಲಿ ಜಾವಾ 8 ತಂದ 'ಆಪ್ಷನಲ್', ಸ್ವಿಫ್ಟ್, ಕಾಟ್ಲಿನ್ ಭಾಷೆಗಳ ಪ್ರಶ್ನಾರ್ಥಕ ಚಿಹ್ನೆಯ ಟೈಪುಗಳು ಎಲ್ಲವೂ ನಲ್ಲನ್ನು ಪಳಗಿಸುವ ಪ್ರಯತ್ನಗಳೇ.

ಹಾಗೆಂದು ಎಲ್ಲ ನಲ್ ಕಾಲಮ್ಮುಗಳನ್ನೂ ಕಿತ್ತೊಗೆಯಬೇಕಿಲ್ಲ. ಗ್ರಂಥಾಲಯದ ಪುಸ್ತಕ ಯಾವ ಕಪಾಟಿನದು ಎಂಬಂಥ ಒಂಟಿ ಸಂಬಂಧ, ತನ್ನದೇ ವಿವರಗಳಿಲ್ಲದ್ದು, ಇಲ್ಲದಿದ್ದರೆ ಯಾರೂ ಯಾಕೆಂದು ಕೇಳದಂಥದ್ದು, ಖಾಲಿ ಕಾಲಮ್ಮಿನಲ್ಲಿ ನೆಮ್ಮದಿಯಾಗಿರುತ್ತದೆ. ಅದಕ್ಕೊಂದು ಕೋಷ್ಟಕ ಕಟ್ಟುವುದು ಮಡಿವಂತಿಕೆ. ಜನ, ಜಮೀನು, ಹಣಗಳ ವಿಷಯದಲ್ಲಿ ಮಾತ್ರ ಯಾಕೆಂಬ ಪ್ರಶ್ನೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ.

ಈ ವಾದ ನಿಜವಾಗಿ ಬೆಲೆ ತೆರುವುದು ಒಂದು ಜಾಗದಲ್ಲಿ, ಅದೂ ಪಾಸ್‌ಪೋರ್ಟ್ ನಿಯಮದ ನಡುಮಧ್ಯದಲ್ಲಿ: ಯಾರಾದರೂ ಒಬ್ಬರ ಹೆಸರಾದರೂ ಬೇಕು. ಚೌಕ ಪದ್ಧತಿಯಲ್ಲಿ ಇದು ಒಂದೇ ಗೆರೆಯ ಚೆಕ್ ನಿಯಮ: ನಾಲ್ಕು ಕಾಲಮ್ಮುಗಳಲ್ಲಿ ಒಂದಾದರೂ ತುಂಬಿರಬೇಕು. ಸಾಲಿನ ಪದ್ಧತಿಯಲ್ಲಿ ನಿಯಮ ಎರಡು ಕೋಷ್ಟಕಗಳಿಗೆ ಹರಡಿಕೊಳ್ಳುತ್ತದೆ. 1992ರ ಎಸ್‌ಕ್ಯುಎಲ್ ಮಾನಕ ಇಂಥದಕ್ಕೆಂದೇ 'ಅಸರ್ಷನ್' ಎಂಬ ಸೌಲಭ್ಯ ಕಲ್ಪಿಸಿತ್ತು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳಲ್ಲಿ ಅದು ಬರಲೇ ಇಲ್ಲ. ವ್ಯಕ್ತಿಯ ಸಾಲು ಮೊದಲು ಸೇರಬೇಕು, ಪೋಷಕರ ಸಾಲು ಆಮೇಲೆ. ನಡುವಿನ ಕ್ಷಣದಲ್ಲಿ ನಿಯಮ ಮುರಿದೇ ಇರುತ್ತದೆ. ಆದ್ದರಿಂದ ಪೋಸ್ಟ್‌ಗ್ರೆಸ್‌ನಲ್ಲಿ, ವ್ಯವಹಾರ ಕಮಿಟ್ ಆಗುವ ಹೊತ್ತಿಗೆ ಮಾತ್ರ ಪರೀಕ್ಷಿಸುವ ಮುಂದೂಡಿದ ಟ್ರಿಗರ್ ಬರೆಯಬೇಕಾಗುತ್ತದೆ, ಪೋಷಕರ ಸಾಲು ಅಳಿಸಿದಾಗಲೂ ಅದು ಎಚ್ಚರಗೊಳ್ಳುವಂತೆ ನೋಡಿಕೊಳ್ಳಬೇಕಾಗುತ್ತದೆ. ಹತ್ತಿಪ್ಪತ್ತು ಗೆರೆಗಳ ಕೆಲಸ, ಪರೀಕ್ಷಿಸುವುದು ತುಸು ಕಿರಿಕಿರಿ. ಆ ಗೆರೆಗಳನ್ನು ಒಮ್ಮೆ ಬರೆದರೆ ಮುಗಿಯಿತು. ಖಾಲಿ ಚೌಕವನ್ನಾದರೆ ಮುಂದೆ ಬರೆಯುವ ಪ್ರತಿ ಕ್ವೆರಿಯಲ್ಲೂ ನೆನಪಿಟ್ಟುಕೊಳ್ಳಬೇಕು.